ಗ್ರಾಮಫೋನು ತಟ್ಟೆಯ ಹುಟ್ಟುಗುರುತು

ಬೆಂಗಳೂರಿನ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ ಕಾಮಾಕ್ಷಿಪಾಳ್ಯವನ್ನು ದಾಟಿದ ಮೇಲೆ ಸುಂಕದಕಟ್ಟೆ ಸಿಕ್ಕುತ್ತದೆ. ಹೆಸರಿನಲ್ಲಿ ಸುಂಕವಿದ್ದರೂ ಇಂದು ಅಲ್ಲಿ ಕಿವಿಗೆ ಬೀಳುವುದು ಸಣ್ಣ ಕಾರ್ಖಾನೆಗಳ ಸದ್ದು. ಲೇತು ಯಂತ್ರ ತಿರುಗಿಸುವವರು, ಪ್ಲಾಸ್ಟಿಕ್ಕಿನ ಅಚ್ಚು ಕೊರೆಯುವವರು, ಲೋಹಕ್ಕೆ ನಿಕ್ಕಲ್ ಲೇಪ ಕೊಡುವವರು ಆ ಭಾಗದಲ್ಲಿ ಬಹಳ ಮಂದಿ. ಅಂಥ ಒಬ್ಬ ಅಚ್ಚು ತಯಾರಕನು ನಮ್ಮ ಹಳೆಯ ವಿದ್ಯಾರ್ಥಿ. ಅವನ ಕರೆಯ ಮೇರೆಗೆ ಕಳೆದ ಬೇಸಗೆಯಲ್ಲಿ ನಾವು ಅವನ ಮನೆಗೆ ಹೋಗಬೇಕಾಯಿತು.

ಅವನ ತಂದೆಯವರು ತೀರಿಕೊಂಡು ವರ್ಷವಾಗಿತ್ತು. ಮನೆ ಬದಲಾಯಿಸುವ ಸಂದರ್ಭದಲ್ಲಿ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಕೆಳಗಿಳಿದಿತ್ತು. ಅದರೊಳಗೆ ಅಂಗೈಯಗಲದ ಚಿಕ್ಕ ಗ್ರಾಮಫೋನು ತಟ್ಟೆಗಳು ನಲವತ್ತರಷ್ಟು, ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಭಾರವಾದ ಹಳೆಯ ತಟ್ಟೆಗಳು ಒಂದು ಡಜನ್. ಹಳೆಯ ಸಾಮಾನು ಕೊಳ್ಳುವವನು ಆಗಲೇ ಬಂದು ನೋಡಿಹೋಗಿದ್ದನು. ಜೋಡಿಯಾಗಿರುವ ತಟ್ಟೆಗಳನ್ನು ಭಾನುವಾರ ಒಯ್ಯುವುದಾಗಿ ಮಾತಾಗಿತ್ತು.

“ಒಂದೇ ಹಾಡಿನವು ಎರಡೆರಡು ಇವೆ, ಮೇಷ್ಟ್ರೇ. ಒಂದಿದ್ದರೆ ಸಾಲದೇ?” ಎಂದು ಮನೆಯ ಹಿರಿಯಾಕೆ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ನಮ್ಮೋರು ಎಣಿಸಿ ದುಡ್ಡು ಖರ್ಚುಮಾಡುವವರು. ಎರಡನೆಯದನ್ನು ಸುಮ್ಮನೆ ತಂದಿರಲಾರರು” ಎಂದೂ ಸೇರಿಸಿದರು.

ಈ ಎರಡನೆಯ ಮಾತೇ ನಮ್ಮನ್ನು ಕೆಲಸಕ್ಕೆ ಹಚ್ಚಿತು. ಒಂದೇ ಹಾಡು, ಒಂದೇ ಕಂಪನಿ, ಒಂದೇ ಸಂಖ್ಯೆ ಇರುವ ಎರಡು ತಟ್ಟೆಗಳು ನಿಜವಾಗಿಯೂ ಒಂದೇ ಆಗಿವೆಯೇ? ಇದನ್ನು ತಿಳಿಯಲು ಭೂತಕನ್ನಡಿ, ಅಳತೆಪಟ್ಟಿ ಮತ್ತು ಸಂಜೆಯ ಬಿಸಿಲು ಇಷ್ಟಿದ್ದರೆ ಸಾಕು. ಆದರೆ ಮೊದಲು ತಟ್ಟೆಯು ಹುಟ್ಟುವ ಬಗೆಯನ್ನು ವಾಚಕರು ಅರಿಯಬೇಕು.

ಹಾಡನ್ನು ನೇರವಾಗಿ ನಾವು ಕೊಳ್ಳುವ ತಟ್ಟೆಯ ಮೇಲೆ ಯಾರೂ ಕೊರೆಯುವುದಿಲ್ಲ. ಅಲ್ಯೂಮಿನಿಯಮ್ಮಿನ ಒಂದು ಫಲಕಕ್ಕೆ ಮೆದುವಾದ ಅರಗಿನಂಥ ಲೇಪವನ್ನು ಕೊಟ್ಟು, ಅದರ ಮೇಲೆ ಚೂಪಾದ ಉಳಿಯಿಂದ ಸುರುಳಿಯಾಕಾರದ ಗೀರನ್ನು ಕೊರೆಯುತ್ತಾರೆ. ಧ್ವನಿಯ ಕಂಪನಕ್ಕೆ ತಕ್ಕಂತೆ ಉಳಿಯು ಎಡಬಲಕ್ಕೆ ಅಲುಗುವುದರಿಂದ ಗೀರು ಹಾವಿನಂತೆ ಬಳುಕುತ್ತ ಒಳಗೆ ಸಾಗುತ್ತದೆ. ಈ ಮೂಲಫಲಕಕ್ಕೆ ತೆಳುವಾಗಿ ಬೆಳ್ಳಿಯನ್ನು ಪೂಸಿ, ವಿದ್ಯುತ್ ಲೇಪನದ ತೊಟ್ಟಿಯಲ್ಲಿಟ್ಟು, ಅದರ ಮೇಲೆ ನಿಕ್ಕಲ್ ಬೆಳೆಯುವಂತೆ ಮಾಡುತ್ತಾರೆ. ಸುಂಕದಕಟ್ಟೆಯ ಆಸುಪಾಸಿನಲ್ಲಿ ನಲ್ಲಿಗೂ ಬೈಸಿಕಲ್ಲಿನ ಬಿಡಿಭಾಗಕ್ಕೂ ನಿಕ್ಕಲ್ ಹಚ್ಚುವ ಕ್ರಮವೇ ಇದು. ವ್ಯತ್ಯಾಸವೆಂದರೆ ಇಲ್ಲಿ ಲೇಪವು ದಪ್ಪನಾದ ಮೇಲೆ ಅದನ್ನು ಸುಲಿದು ತೆಗೆಯುತ್ತಾರೆ. ಸುಲಿದ ಲೋಹದ ಹಾಳೆಯಲ್ಲಿ ಗೀರುಗಳು ತಗ್ಗಿನ ಬದಲು ದಿಣ್ಣೆಗಳಾಗಿರುತ್ತವೆ. ಕೆಲಸಗಾರರು ಇದಕ್ಕೆ ‘ತಂದೆ’ ಎನ್ನುತ್ತಾರೆ. ತಂದೆಯ ಮೇಲೆ ಮತ್ತೆ ನಿಕ್ಕಲ್ ಬೆಳೆಸಿದರೆ ‘ತಾಯಿ’. ಒಬ್ಬ ತಂದೆಗೆ ಹಲವು ತಾಯಿಯರು. ತಾಯಿಯ ಮೇಲೆ ಬೆಳೆಸಿದ್ದು ‘ಒತ್ತಚ್ಚು’. ಒಂದೊಂದು ತಾಯಿಗೂ ಒತ್ತಚ್ಚುಗಳು ಹಲವು.

ಎರಡು ಮುಖಗಳ ಎರಡು ಒತ್ತಚ್ಚುಗಳನ್ನು ಒತ್ತುಯಂತ್ರದ ಮೇಲೆ ಕೆಳಗೆ ಬಿಗಿದು, ನಡುವೆ ಬಿಸಿಮಾಡಿದ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಮುದ್ದೆಯನ್ನಿಟ್ಟು, ಹಬೆಯಿಂದ ಕಾಯಿಸಿ ಅಮುಕಿ, ಬಳಿಕ ತಣ್ಣೀರಿನಿಂದ ಆರಿಸಿದರೆ ತಟ್ಟೆ ಸಿದ್ಧವಾಯಿತು. ಲೇಬಲ್ಲಿನ ವಿಷಯದಲ್ಲಿ ಒಂದು ಸಂಗತಿಯನ್ನು ಅನೇಕರು ಅರಿಯರು. ಅದನ್ನು ಆಮೇಲೆ ಅಂಟಿಸುವುದಿಲ್ಲ. ಮೊದಲೇ ಒಣಗಿಸಿದ ಕಾಗದವನ್ನು ಮುದ್ದೆಯ ಮೇಲೆ ಕೆಳಗೆ ಇಟ್ಟು ಅದರೊಡನೆಯೇ ಒತ್ತುತ್ತಾರೆ. ಗೋಂದಿಲ್ಲದೆ ಕಾಗದವು ಪ್ಲಾಸ್ಟಿಕ್ಕಿನಲ್ಲಿ ಬೆಸೆದುಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿಯು ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ ಕೂಡಲೇ, ಲೇಬಲ್ಲಿನ ಕಾಗದದ ಮೇಲೆಯೇ ಉಬ್ಬಿ ನಿಂತ ಒಂದು ಸಣ್ಣ ಬಳೆಯ ಗುರುತನ್ನು ತೋರಿಸಿ, “ಸರ್, ಇದು ಡೈ ಕೂಡಿದ ಜಾಗ” ಎಂದನು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಅದು ಹೊಳೆದಿರಲಿಲ್ಲ. ಆ ಬಳೆಯು ಕಾಗದದಲ್ಲಿ ಮೂಡದೆ ಇದ್ದರೆ, ಅಥವಾ ಕಾಗದದ ಅಂಚು ಉಗುರಿಗೆ ತಡೆದರೆ, ಆ ಲೇಬಲ್ಲನ್ನು ಯಾರೋ ಆಮೇಲೆ ಅಂಟಿಸಿದ್ದಾರೆಂದು ತಿಳಿಯಬೇಕು. ಕಂಪನಿಯೇ ತಪ್ಪಚ್ಚನ್ನು ಮುಚ್ಚಲು ಚೀಟಿ ಅಂಟಿಸಿರುವುದೂ ಉಂಟು. ಬೆಲೆ ಏರಿಸಲು ಕಪಟಿಗಳು ಅಂಟಿಸಿರುವುದೂ ಉಂಟು.

ಹೀಗೆ ಮೂಲಫಲಕ, ತಂದೆ, ತಾಯಿ, ಒತ್ತಚ್ಚು, ತಟ್ಟೆ ಎಂಬ ವಂಶಾವಳಿ ಏರ್ಪಡುತ್ತದೆ. ಲೇಬಲ್ಲು ಈ ವಂಶಕ್ಕೆ ಸೇರಿದುದಲ್ಲ. ಅದು ಮುದ್ರಣಾಲಯದಿಂದ ಬೇರೆಯಾಗಿ ಬಂದ ಕಾಗದ. ಹಳೆಯ ಒತ್ತಚ್ಚಿಗೆ ಹೊಸ ಲೇಬಲ್ಲು ಸೇರಬಹುದು. ಮಿಕ್ಕಿದ್ದ ಹಳೆಯ ಲೇಬಲ್ಲು ಹೊಸ ಒತ್ತಚ್ಚಿಗೂ ಸೇರಬಹುದು. ಕೊಳ್ಳುವವರು ಎಡವುವುದು ಇಲ್ಲಿಯೇ.

ಆದರೂ ಲೇಬಲ್ಲನ್ನು ಕಡೆಗಣಿಸಬೇಕೆಂದು ನಾವು ಹೇಳುತ್ತಿಲ್ಲ. ಓದಬಲ್ಲವರಿಗೆ ಅದು ಒಂದು ಶಾಸನದಂತಿದೆ. ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಹಿಡಿದುಕೊಂಡದ್ದು 1902ರಲ್ಲಿ. ಆಗ ತಟ್ಟೆಗಳು ಒತ್ತಲ್ಪಡುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಆ ಊರಿನ ಹೆಸರು ಲೇಬಲ್ಲಿನ ಮೇಲೆಯೇ ಇರುತ್ತಿತ್ತು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾಯಿತು. ಆಮೇಲೆ ಅದು ದಮ್‌ದಮ್‌ನಲ್ಲಿ ದೊಡ್ಡದಾಗಿ ನೆಲೆಯೂರಿತು. ಕನ್ನಡ ಚಿತ್ರಗೀತೆಗಳ ಎಷ್ಟೋ ತಟ್ಟೆಗಳ ತವರು ಈ ದಮ್‌ದಮ್. ಕಂಪನಿಯ ಹೆಸರಿನಲ್ಲಿ ‘ಪ್ರೈವೇಟ್’ ಎಂಬ ಮಾತು ಇದ್ದರೆ ಆ ಲೇಬಲ್ಲು 1956ಕ್ಕಿಂತ ಹಿಂದಿನದಾಗಿರಲಾರದು. ಏಕೆಂದರೆ ಖಾಸಗಿ ಕಂಪನಿಗಳು ತಮ್ಮ ಹೆಸರಿನಲ್ಲಿ ಆ ಪದವನ್ನು ಸೇರಿಸಬೇಕೆಂದು ಕಡ್ಡಾಯ ಮಾಡಿದುದು ಆ ವರ್ಷದ ಕಂಪನಿ ಕಾಯಿದೆ. 1960ರ ದಶಕದ ಕೊನೆಯಲ್ಲಿ ಕಂಪನಿಯು ಸಾರ್ವಜನಿಕ ಕಂಪನಿಯಾದಾಗ ಆ ಮಾತು ಬಿದ್ದುಹೋಯಿತು. ‘ಸಾರೆಗಾಮ’ ಎಂಬ ಹೆಸರು ಬಂದದ್ದು 2000ದಲ್ಲಿ.

ಹೊದಿಕೆಯ ಮೇಲೆ ಅಂಗಡಿಯವರು ಹಾಕಿದ ರಬ್ಬರು ಮುದ್ರೆಯೂ ಸಾಕ್ಷಿ ನುಡಿಯುತ್ತದೆ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯ ಬರುವ ಮುಂಚಿನ ಕಾಲದ ರೂಢಿ. ವಿಳಾಸದಲ್ಲಿ ಬರಿಯ ‘ಬೆಂಗಳೂರು–2’ ಎಂದಿದ್ದರೆ ಒಂದು ಕಾಲ. ‘560 002’ ಎಂದು ಆರು ಅಂಕೆಗಳಿದ್ದರೆ 1972ರ ಆಗಸ್ಟ್ 15ರಂದು ಪಿನ್ ಕೋಡು ಜಾರಿಗೆ ಬಂದ ನಂತರದ ಕಾಲ. ಆದರೆ ಮುದ್ರೆಯು ಮಾರಾಟದ ಕಾಲವನ್ನು ಹೇಳೀತೇ ಹೊರತು ಒತ್ತಿದ ಕಾಲವನ್ನಲ್ಲ. ಹೊದಿಕೆಗಳು ಮನೆಯಲ್ಲಿ ಅದಲುಬದಲಾಗುವುದಂತೂ ಸರ್ವಸಾಧಾರಣ. ಮಕ್ಕಳಿರುವ ಮನೆಯಲ್ಲಿ ಹೇಳುವುದೇ ಬೇಡ.

ಲೇಬಲ್ಲಿನ ಮೇಲಿನ ಹೆಸರು ಎಷ್ಟು ಮಹತ್ವದ್ದಾಗಬಲ್ಲುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಗಂಗೂಬಾಯಿ ಹಾನಗಲ್ಲರ (1913–2009) ಹಾಡಿಕೆಯನ್ನು ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಂಪನಿಯವರು 1930ರ ದಶಕದಲ್ಲಿ ಮುದ್ರಿಸಿಕೊಂಡಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಜೊತೆಗೆ ಅವರ ಊರು ಹುಬ್ಬಳ್ಳಿಯ ಹೆಸರು. ಹಾನಗಲ್ಲರ ತಟ್ಟೆಗಳನ್ನು ಹುಡುಕುವವನಿಗೆ ಈ ಹೆಸರು ತಿಳಿಯದಿದ್ದರೆ ಅವು ಕೈಗೆ ಬಂದರೂ ಕಾಣಿಸವು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಗಂಡುದನಿಯಂತೆ ಗಂಭೀರವಾದ ಅವರ ಪ್ರಸಿದ್ಧ ಕಂಠವು ಗಂಟಲಿನ ಚಿಕಿತ್ಸೆಯೊಂದರ ನಂತರ ಬಂದುದು. ಅದಕ್ಕೆ ಮೊದಲು ಅವರದು ಎತ್ತರದ, ತೆಳುವಾದ ಧ್ವನಿ. ‘ಗಾಂಧಾರಿ’ಯ ತಟ್ಟೆಗಳಲ್ಲಿ ಆ ಮೊದಲ ಧ್ವನಿ ಉಳಿದಿದೆ.

ಇಲ್ಲಿ ಜಾಣ ವಿದ್ಯಾರ್ಥಿಯು ಒಂದು ಸಂದೇಹವನ್ನು ಎತ್ತಬಹುದು: ತಟ್ಟೆಯನ್ನು ವೇಗವಾಗಿ ತಿರುಗಿಸಿದರೆ ಯಾರ ಧ್ವನಿಯಾದರೂ ತೆಳುವಾಗುವುದಷ್ಟೆ? ನಿಜ. ಆದರೆ ಧ್ವನಿಯು ಷಡ್ಜದಿಂದ ಮಧ್ಯಮದಷ್ಟು ಮೇಲೇರಬೇಕಾದರೆ ಕಂಪನಸಂಖ್ಯೆಯು ಮೂರಕ್ಕೆ ನಾಲ್ಕರಂತೆ ಹೆಚ್ಚಬೇಕು. ಎಂದರೆ ನಿಮಿಷಕ್ಕೆ 58 ಸುತ್ತಿನಲ್ಲಿ ಕೊರೆದ ತಟ್ಟೆಯನ್ನು 78ರಲ್ಲಿ ತಿರುಗಿಸಿರಬೇಕು. ಅಷ್ಟು ದೊಡ್ಡ ತಪ್ಪು ನಡೆದರೆ ತಬಲೆಯ ಲಯವೂ ಅದೇ ಪ್ರಮಾಣದಲ್ಲಿ ಓಡಿ, ಕೇಳುವವರು ನಕ್ಕುಬಿಡುತ್ತಾರೆ. ವೇಗವನ್ನು ಪರೀಕ್ಷಿಸಲು ಸುಲಭವಾದ ಉಪಾಯವೂ ಉಂಟು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಆದುದರಿಂದ ಹಳೆಯ ಬಗೆಯ ಟ್ಯೂಬುದೀಪವು ಸೆಕೆಂಡಿಗೆ 100 ಸಲ ಮಿನುಗುತ್ತದೆ. ದುಂಡನೆಯ ಕಾಗದದ ಅಂಚಿನಲ್ಲಿ ಸಮಾನ ಅಂತರದ 77 ಕಪ್ಪು ಗೆರೆಗಳನ್ನೆಳೆದು ತಟ್ಟೆಯ ಮೇಲಿಟ್ಟರೆ, ವೇಗವು 78 ಸುತ್ತುಗಳಿಗೆ ಸರಿಯಾದಾಗ ಗೆರೆಗಳು ನಿಂತಂತೆ ತೋರುತ್ತವೆ. 45 ಸುತ್ತಿಗೆ 133 ಗೆರೆಗಳು ಬೇಕು. ಈಚಿನ ಎಲ್.ಇ.ಡಿ. ದೀಪಗಳನ್ನು ಈ ಪ್ರಯೋಗಕ್ಕೆ ನಂಬಬಾರದು. ಅವುಗಳಲ್ಲಿ ಎಷ್ಟೋ ಈ ರೀತಿ ಮಿನುಗುವುದಿಲ್ಲ.

ಇನ್ನು ಪೆಟ್ಟಿಗೆಯ ಕಡೆಗೆ ಬರೋಣ. ಏಳು ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ ತಟ್ಟೆಯು ಅಮೆರಿಕದಲ್ಲಿ 1949ರಲ್ಲಿ ಹೊರಬಂದಿತು. ಅದರ ಗೀರನ್ನು ಒತ್ತಾಗಿ ಕೊರೆದು ಒಂದೊಂದು ಮುಖದಲ್ಲಿ ಎರಡು ಹಾಡುಗಳನ್ನು ತುಂಬಿದುದೇ ಇ.ಪಿ. ಎನಿಸಿಕೊಂಡು ನಮ್ಮ ಚಿತ್ರಗೀತೆಗಳ ಮುಖ್ಯ ವಾಹನವಾಯಿತು. ಆದರೆ ಕೀಲಿಕೊಟ್ಟು ತಿರುಗಿಸುವ ಹಳೆಯ ಯಂತ್ರಗಳು ವಿದ್ಯುತ್ತಿಲ್ಲದ ಊರುಗಳಲ್ಲಿ ಉಳಿದಿದ್ದುದರಿಂದ 78ರ ಅರಗಿನ ತಟ್ಟೆಯೂ ಇಲ್ಲಿ ಬಹುಕಾಲ ಬಾಳಿತು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಸಹ 1960ರ ದಶಕದಲ್ಲಿ ಭಾರತದಲ್ಲಿ 78ರ ತಟ್ಟೆಯಾಗಿ ಬಂದವು. ಹೊರದೇಶದ ಸಂಗ್ರಾಹಕರು ಇಂದು ಅವುಗಳಿಗಾಗಿ ಹಾತೊರೆಯುತ್ತಾರೆ.

ಪೆಟ್ಟಿಗೆಯಲ್ಲಿ ನಮಗೆ ಮುಖ್ಯವಾಗಿ ಕಂಡ ಜೋಡಿಗಳು ಎರಡು. ಮೊದಲನೆಯ ಜೋಡಿಯ ಲೇಬಲ್ಲುಗಳ ಬಣ್ಣ ಬೇರೆ. ಒಂದರಲ್ಲಿ ‘ಪ್ರೈವೇಟ್’ ಉಂಟು, ಇನ್ನೊಂದರಲ್ಲಿ ಇಲ್ಲ. ಇವು ಬೇರೆಬೇರೆ ಎಂದು ಮನೆಯವರು ಎರಡನ್ನೂ ಇಟ್ಟುಕೊಳ್ಳುವವರಿದ್ದರು. ಎರಡನೆಯ ಜೋಡಿಯ ಲೇಬಲ್ಲುಗಳು ಅಕ್ಷರಕ್ಕೆ ಅಕ್ಷರ ಒಂದೇ. ಅದರಲ್ಲೊಂದು ಭಾನುವಾರ ಹೊರಡುವ ಗುಂಪಿನಲ್ಲಿತ್ತು.

ಲೇಬಲ್ಲಿನ ಅಂಚಿಗೂ ಹಾಡು ಮುಗಿಯುವ ಕೊನೆಯ ಗೀರಿಗೂ ನಡುವೆ ನುಣುಪಾದ ಒಂದು ಪಟ್ಟಿ ಇರುತ್ತದೆ. ತಟ್ಟೆಯ ಜಾತಕವಿರುವುದು ಇಲ್ಲಿ. ಭೂತಕನ್ನಡಿಯಿಂದ ನೋಡಿದರೆ ಕೈಯಿಂದ ಕೆತ್ತಿದ ಅಥವಾ ಅಚ್ಚೊತ್ತಿದ ಅಕ್ಷರಗಳೂ ಅಂಕಿಗಳೂ ಕಾಣುತ್ತವೆ. ಇದು ಮೂಲಫಲಕದ ಸಂಖ್ಯೆ. ಅದರ ಕೊನೆಯಲ್ಲಿರುವ 1, 2 ಎಂಬ ಅಂಕಿಯು ಎಷ್ಟನೆಯ ಸಲ ಕೊರೆದದ್ದೆಂಬುದನ್ನು ತಿಳಿಸುತ್ತದೆ. ಇಂಗ್ಲೆಂಡಿನ ಹೇಸ್‌ನಲ್ಲಿದ್ದ ಇ.ಎಂ.ಐ. ಕಾರ್ಖಾನೆಯವರು ಇನ್ನೂ ಮುಂದೆ ಹೋಗಿ ತಾಯಿ ಮತ್ತು ಒತ್ತಚ್ಚುಗಳನ್ನೂ ಗುರುತಿಸುತ್ತಿದ್ದರು. ಮೂಲಸಂಖ್ಯೆಯನ್ನು ಗಡಿಯಾರದ ಆರು ಗಂಟೆಯ ಸ್ಥಾನಕ್ಕೆ ತಂದರೆ, ಒಂಬತ್ತು ಗಂಟೆಯಲ್ಲಿರುವ ಅಂಕಿ ತಾಯಿಯದು. ಮೂರು ಗಂಟೆಯಲ್ಲಿರುವ ಅಕ್ಷರಗಳು ಒತ್ತಚ್ಚಿನವು. ‘ಗ್ರಾಮೋಫ್ ಲಿ.’ ಎಂಬುದರ ಇಂಗ್ಲಿಷ್ ಅಕ್ಷರಗಳಾದ ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ ಇವು ಕ್ರಮವಾಗಿ 1ರಿಂದ 9 ಮತ್ತು ಸೊನ್ನೆ. ಅಲ್ಲಿ 1 ಮತ್ತು ‘ಜಿಆರ್’ ಕಂಡರೆ ಮೊದಲನೆಯ ತಾಯಿ, ಹನ್ನೆರಡನೆಯ ಒತ್ತಚ್ಚು. ನಮ್ಮ ಹಿರಿಯರ ಲೆಕ್ಕದ ಒಡಪುಗಳನ್ನು ಬಿಡಿಸಿದವರಿಗೆ ಇದು ಕಷ್ಟವಲ್ಲ.

ಮೊದಲನೆಯ ಜೋಡಿಯ ಎರಡು ತಟ್ಟೆಗಳಲ್ಲಿಯೂ ಕೊನೆಯ ಅಂಕಿ 1. ಅಕ್ಷರಗಳ ಓರೆ, ನಡುವಣ ಅಂತರ ಎಲ್ಲವೂ ಒಂದೇ. ಅಷ್ಟೇ ಅಲ್ಲ, ಎರಡರಲ್ಲಿಯೂ ಪಲ್ಲವಿಯ ಒಂದೇ ಮಾತಿನ ಬಳಿ ‘ಟಿಕ್’ ಎಂಬ ಸದ್ದು ಕೇಳಿಸಿತು. ಇದನ್ನು ಗೀಚು ಎಂದುಕೊಂಡು ಮನೆಯವರು ತಮ್ಮ ಮುಳ್ಳನ್ನು ದೂರುತ್ತಿದ್ದರಂತೆ. ಎರಡು ತಟ್ಟೆಗಳಲ್ಲಿ ಒಂದೇ ಸ್ಥಳದಲ್ಲಿ ಗೀಚು ಬೀಳುವುದಾದರೂ ಹೇಗೆ? ಅದು ತಾಯಿಯಲ್ಲಿಯೋ ಅದಕ್ಕೂ ಹಿಂದೆಯೋ ಉಂಟಾದ ಕುಂದು. ಮಕ್ಕಳಿಗೆಲ್ಲ ಮಚ್ಚೆಯಂತೆ ಇಳಿದುಬಂದಿದೆ. ಹಾಗಾಗಿ ಬಣ್ಣ ಬೇರೆಯಾದರೂ ಇವು ಒಡಹುಟ್ಟುಗಳು.

ಎರಡನೆಯ ಜೋಡಿಯಲ್ಲಿ ನಾವು ಮೊದಲು ತಪ್ಪಿದೆವು. ಒಂದರಲ್ಲಿ ಕೊನೆಯ ಅಂಕಿ 1 ಎಂದು ಸ್ಪಷ್ಟವಾಗಿತ್ತು. ಇನ್ನೊಂದರಲ್ಲಿ ಆ ಸ್ಥಳ ಸವೆದು ಮಸುಕಾಗಿತ್ತು. ಆದುದರಿಂದ ನುಣುಪು ಪಟ್ಟಿಯ ಅಗಲವನ್ನು ಲೇಬಲ್ಲಿನ ಅಂಚಿನಿಂದ ಅಳೆದೆವು. ಒಂದೊಂದು ಕಡೆ ಒಂದೊಂದು ಅಳತೆ! ಲೇಬಲ್ಲು ನಡುವಿನಿಂದ ಸರಿದು ಕುಳಿತಿದ್ದುದನ್ನು ಗಮನಿಸದೆ ಅರ್ಧ ಗಂಟೆ ಕಳೆದೆವು. ಅಳೆಯಬೇಕಾದದ್ದು ನಡುವಿನ ರಂಧ್ರದ ಕೇಂದ್ರದಿಂದ. ಹಾಗೆ ಅಳೆದಾಗ ಹಾಡಿನ ಕೊನೆಯ ಗೀರು ಒಂದರಲ್ಲಿ 59 ಮಿಲಿಮೀಟರಿನಲ್ಲಿಯೂ ಇನ್ನೊಂದರಲ್ಲಿ 64 ಮಿಲಿಮೀಟರಿನಲ್ಲಿಯೂ ಇತ್ತು. ಒಂದೇ ಮೂಲಫಲಕದಿಂದ ಬಂದ ಮಕ್ಕಳಲ್ಲಿ ಐದು ಮಿಲಿಮೀಟರು ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ.

ಸಂಜೆ ಐದೂವರೆಗೆ ಎರಡನ್ನೂ ತಾರಸಿಗೆ ಒಯ್ದೆವು. ಇಲ್ಲಿ ಒಂದು ಸೊಗಸಾದ ಪ್ರಯೋಗವಿದೆ; ಇದನ್ನು ಜರ್ಮನಿಯ ಬುಖ್‌ಮನ್ ಮತ್ತು ಮೇಯರ್ ಎಂಬ ವಿಜ್ಞಾನಿಗಳು 1930ರಲ್ಲಿ ವಿವರಿಸಿದರು. ಇಳಿಬಿಸಿಲಿನಲ್ಲಿ ತಟ್ಟೆಯನ್ನು ಹಿಡಿದು ದೂರದಿಂದ ನೋಡಿದರೆ ಕೇಂದ್ರದಿಂದ ಅಂಚಿನವರೆಗೆ ಹೊಳೆಯುವ ಒಂದು ಪಟ್ಟೆ ಕಾಣುತ್ತದೆ. ಗೀರು ಬಳುಕದೆ ಇದ್ದಲ್ಲಿ, ಎಂದರೆ ಹಾಡಿಲ್ಲದ ಎಡೆಯಲ್ಲಿ, ಪಟ್ಟೆಯು ಗೆರೆಯಂತೆ ಕಿರಿದು. ಗೀರು ಬಳುಕಿದಲ್ಲಿ ಅದರ ಗೋಡೆಗಳು ಅತ್ತಿತ್ತ ವಾಲಿರುವುದರಿಂದ ಪಕ್ಕದ ಬಿಂದುಗಳೂ ಬೆಳಕನ್ನು ನಮ್ಮ ಕಣ್ಣಿಗೆ ಕಳುಹಿಸುತ್ತವೆ, ಪಟ್ಟೆ ಅಗಲವಾಗುತ್ತದೆ. ಬಳುಕು ಹೆಚ್ಚಿದಷ್ಟೂ ಅಗಲ ಹೆಚ್ಚು. ಲೆಕ್ಕಹಾಕಿದರೆ, ಗೀರು ಅಡ್ಡಲಾಗಿ ಅಲುಗುವ ಗರಿಷ್ಠ ವೇಗವು ಪಟ್ಟೆಯ ಅಗಲ, ಸೆಕೆಂಡಿಗೆ ತಟ್ಟೆ ತಿರುಗುವ ಸುತ್ತು, ಮತ್ತು 3.14 ಈ ಮೂರರ ಗುಣಲಬ್ಧ. ಗೀರು ಕೇಂದ್ರದಿಂದ ಎಷ್ಟು ದೂರವಿದೆಯೆಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲವೆಂಬುದನ್ನು ಗಮನಿಸಬೇಕು. ಸೂರ್ಯನು ದೂರದಲ್ಲಿದ್ದು ಅವನ ಕಿರಣಗಳು ಸಮಾನಾಂತರವಾಗಿರುವುದರಿಂದ ಪ್ರಯೋಗಶಾಲೆಯ ದೀಪಕ್ಕಿಂತ ಅವನೇ ಮೇಲು.

ಮೊದಲ ತಟ್ಟೆಯಲ್ಲಿ ವಾದ್ಯಮೇಳ ಜೋರಾಗಿರುವ ಕಡೆ ಪಟ್ಟೆಯ ಅಗಲ 20 ಮಿಲಿಮೀಟರು. 45 ಸುತ್ತಿನ ತಟ್ಟೆಯು ಸೆಕೆಂಡಿಗೆ ಮುಕ್ಕಾಲು ಸುತ್ತು ತಿರುಗುವುದರಿಂದ ಗೀರಿನ ವೇಗ ಸೆಕೆಂಡಿಗೆ 4.7 ಸೆಂಟಿಮೀಟರು. ಎರಡನೆಯದರಲ್ಲಿ ಅದೇ ಕಡೆ ಅಗಲ 16 ಮಿಲಿಮೀಟರು. ಎರಡನೆಯದನ್ನು ಸುಮಾರು ಎರಡು ಡೆಸಿಬೆಲ್‌ಗಳಷ್ಟು ಮೆಲ್ಲಗೆ ಕೊರೆದಿದ್ದಾರೆ. ಬಳುಕು ಕಡಿಮೆಯಾದರೆ ಗೀರುಗಳನ್ನು ಒತ್ತಾಗಿ ಕೂರಿಸಬಹುದು. ಹಾಡು ಹೊರಗಡೆಯೇ ಮುಗಿಯುತ್ತದೆ. ಒಳಸುತ್ತುಗಳಲ್ಲಿ ಮುಳ್ಳಿನ ಕೆಳಗೆ ಗೀರು ಸಾಗುವ ವೇಗ ಕುಗ್ಗಿ ಧ್ವನಿ ಕರ್ಕಶವಾಗುವುದುಂಟು. 59 ಮಿಲಿಮೀಟರಿನಲ್ಲಿ ಆ ವೇಗ ಸೆಕೆಂಡಿಗೆ 28 ಸೆಂಟಿಮೀಟರು, 64ರಲ್ಲಿ 30. ಎಂಜಿನಿಯರನು ಇದನ್ನೇ ಸುಧಾರಿಸಲು ಹೊರಟಿದ್ದಿರಬೇಕು.

ಇಷ್ಟಾದ ಮೇಲೆ ಎರಡನ್ನೂ ಕೇಳಿದೆವು. ಮೊದಲ ತಟ್ಟೆಯ ಮುಖವು ಆರೂವರೆ ನಿಮಿಷ ನಡೆಯಿತು. ಎರಡನೆಯದು ಇಪ್ಪತ್ತು ಸೆಕೆಂಡು ಮೊದಲೇ ಮುಗಿಯಿತು. ಎರಡನೆಯ ಹಾಡಿನ ಕೊನೆಯಲ್ಲಿ ಕೊಳಲೊಂದು ಪಲ್ಲವಿಯನ್ನು ಒಂಟಿಯಾಗಿ ತಿರುಗಿ ನುಡಿಸುತ್ತದೆ. ಮೊದಲ ತಟ್ಟೆಯಲ್ಲಿ ಅದು ಪೂರ್ತಿಯಾಗಿದೆ; ಎರಡನೆಯದರಲ್ಲಿ ಕೊಳಲು ಶುರುವಾಗುತ್ತಿದ್ದಂತೆಯೇ ಧ್ವನಿಯನ್ನು ಇಳಿಸಿ ಮುಗಿಸಿಬಿಟ್ಟಿದ್ದಾರೆ. ಹಿರಿಯಾಕೆ ಬಾಗಿಲ ಬಳಿ ನಿಂತು ಕೇಳುತ್ತಿದ್ದವರು, “ಅವರು ಗೊಣಗುತ್ತಿದ್ದುದು ಇದನ್ನೇ. ಹೊಸದು ತಂದು ಒಂದು ಸಲ ಹಾಕಿದರು, ಆಮೇಲೆ ಹಳೆಯದನ್ನೇ ಹಾಕುತ್ತಿದ್ದರು” ಎಂದರು. ಹೊರಡುವ ಗುಂಪಿನಲ್ಲಿದ್ದುದು ಹಳೆಯದು. ಅದರ ಮೇಲೆ ಗೀಚುಗಳು ಹೆಚ್ಚಿದ್ದುವಲ್ಲ!

ಸಂಗ್ರಾಹಕರಲ್ಲಿ ‘ಮೊದಲ ಒತ್ತು’ ಎಂಬುದಕ್ಕೆ ಈಗ ವಿಪರೀತ ಬೆಲೆ. ಮೊದಲ ಒತ್ತೆಲ್ಲ ಮೇಲೆಂಬುದನ್ನು ನಾವು ಒಪ್ಪುವುದಿಲ್ಲ. ಸವೆದ ಮೊದಲ ಒತ್ತಿಗಿಂತ ನುಣುಪಾದ ಎರಡನೆಯದು ಕಿವಿಗೆ ಹಿತವಾಗಿರಬಹುದು. ಆದರೆ ಚಿತ್ರದ ಮೂಲ ಧ್ವನಿಸುರುಳಿಯು ಹಾಳಾಗಿಹೋಗಿದ್ದರೆ ಆ ಇಪ್ಪತ್ತು ಸೆಕೆಂಡಿನ ಕೊಳಲು ಉಳಿದಿರುವುದು ಇಂಥ ತಟ್ಟೆಗಳಲ್ಲಿ ಮಾತ್ರ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ಸಿಕ್ಕುತ್ತಿಲ್ಲವೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಟ್ಟೆಯನ್ನು ತೊಳೆಯುವ ಮಾತಿನಲ್ಲಿ ಒಂದು ಎಚ್ಚರಿಕೆ. ಗೀಚು ಹೋಗಲೆಂದು ಕೆಲವರು ಸ್ಪಿರಿಟ್ಟಿನಲ್ಲಿ ಒರೆಸುತ್ತಾರೆ. ವಿನೈಲಿಗೆ ಅದರಿಂದ ಬೇಗ ಕೇಡಾಗದು. ಆದರೆ 78ರ ತಟ್ಟೆಯು ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಒತ್ತಿದುದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು, ಮರಗೆಲಸದವರು ಸ್ಪಿರಿಟ್ಟಿನಲ್ಲಿ ಕರಗಿಸಿ ಮೇಜಿಗೆ ಬಳಿಯುವ ಅರಗು, ಈ ತಟ್ಟೆಯ ಅರಗು ಎಲ್ಲ ಒಂದೇ ಕೀಟದ್ದು. ಸ್ಪಿರಿಟ್ಟು ತಗಲಿದರೆ ಗೀರು ಕರಗಿ ಹಾಡೂ ಹೋಗುತ್ತದೆ. ಎರಡನ್ನೂ ಹೊರಗಿನಿಂದ ಗುರುತಿಸಲು ತೂಕವೇ ಸಾಕು; ಉಗುರಿನಿಂದ ಅಂಚನ್ನು ಮೆಲ್ಲಗೆ ತಟ್ಟಿದರೆ ಅರಗಿನದು ಪಿಂಗಾಣಿಯಂತೆ ಕಣಕಣಿಸುತ್ತದೆ, ವಿನೈಲು ಮಂಕಾಗಿ ನುಡಿಯುತ್ತದೆ.

ಭಾನುವಾರ ಕೊಳ್ಳುವವನು ಬಂದಾಗ ಮೊದಲ ಜೋಡಿಯಲ್ಲಿ ಒಂದನ್ನು ಅವನಿಗೆ ಕೊಟ್ಟರು. ಅವನು ಬಣ್ಣ ನೋಡಿ ಆರಿಸಿಕೊಂಡನಂತೆ. ಎರಡನೆಯ ಜೋಡಿಯನ್ನು ಹೊದಿಕೆಯೊಳಗೆ ಹಾಕಿ, ಬಾಗದಂತೆ ನೆಟ್ಟಗೆ ನಿಲ್ಲಿಸಿ, ಯಾವುದು ಯಾವುದೆಂದು ಹಿರಿಯಾಕೆ ತಮ್ಮ ಕೈಯಿಂದಲೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಬಟ್ಟೆಯಲ್ಲಿ ಸುತ್ತಿದ ಅರಗಿನ ತಟ್ಟೆಗಳನ್ನು ನಾವು ಇನ್ನೂ ಬಿಚ್ಚಿ ನೋಡಿಲ್ಲ. ನಮ್ಮ ವಿದ್ಯಾರ್ಥಿಯು 77 ಗೆರೆಗಳ ಕಾಗದವನ್ನು ಸಿದ್ಧಮಾಡುತ್ತಿದ್ದಾನೆ; ಅವನ ಕಾರ್ಖಾನೆಯಲ್ಲಿ ಹಳೆಯ ಟ್ಯೂಬುದೀಪವೊಂದು ಇನ್ನೂ ಉರಿಯುತ್ತಿದೆಯಂತೆ.